ಇಂಗಾಲಾಮ್ಲದ ಭೂನಿಕ್ಷೇಪವೂ ತೆಂಗಿನ ಸೀಮೆಯ ಶಿಲೆಯೂ

೧

ನಮ್ಮ ಶಾಸನಗಳನ್ನು ಓದಿದವರಿಗೆ ಅಷ್ಟಭೋಗವೆಂಬ ಮಾತು ಹೊಸದಲ್ಲ. ಗ್ರಾಮವೊಂದನ್ನು ದಾನವಾಗಿ ಕೊಡುವಾಗ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಭೋಗಗಳನ್ನು ಎಣಿಸಿ ಹೇಳುವುದು ವಾಡಿಕೆಯಾಗಿದ್ದಿತು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಈ ಎಣಿಕೆ ಮತ್ತೆ ಮತ್ತೆ ಬರುತ್ತದೆ. ಇವುಗಳಲ್ಲಿ ಮೊದಲ ನಾಲ್ಕು ಬಹುಮಟ್ಟಿಗೆ ನೆಲದ ಒಳಗಣ ಸಂಪತ್ತಿಗೆ ಸಂಬಂಧಪಟ್ಟವು. ನೆಲವೆಂದರೆ ಬೆಳೆ ಬರುವ ಮೇಲ್ಮಣ್ಣು ಮಾತ್ರವಲ್ಲ, ಅದರ ಕೆಳಗಿರುವ ಕಲ್ಲೂ ನೀರೂ, ಅಲ್ಲಿ ಯಾರಾದರೂ ಇಟ್ಟುಹೋದ ವಸ್ತುವೂ ಅದರೊಡನೆ ಸೇರಿದುವೆಂಬ ತಿಳಿವಳಿಕೆ ಈ ಪಟ್ಟಿಯಲ್ಲಿ ಅಡಗಿದೆ.

ನಮ್ಮ ಕಾಲದಲ್ಲಿ ನಿಕ್ಷೇಪವೆಂಬ ಮಾತಿಗೆ ಹಿಂದಿನವರು ಊಹಿಸದಿದ್ದ ಒಂದು ವಿಷಯ ಒದಗಿಬಂದಿದೆ. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಉರಿಸಿದಾಗ ಹುಟ್ಟುವ ಇಂಗಾಲಾಮ್ಲ ವಾಯುವನ್ನು ಹಿಡಿದು, ಒತ್ತಡದಿಂದ ಭೂಮಿಯ ಆಳಕ್ಕೆ ಕಳುಹಿಸಿ, ಅಲ್ಲಿಯೇ ಶಾಶ್ವತವಾಗಿ ನಿಲ್ಲಿಸುವ ವಿದ್ಯೆಯೇ ಆ ವಿಷಯ. ಇಂದಿನ ಪಠ್ಯಪುಸ್ತಕಗಳು ಇಂಗಾಲದ ಡೈ ಆಕ್ಸೈಡ್ ಎಂದು ಕರೆಯುವ ವಾಯುವನ್ನೇ ಇಲ್ಲಿ ಇಂಗಾಲಾಮ್ಲವೆಂದು ಕರೆದಿದೆ. ಈ ವಿದ್ಯೆಗೆ ಹೆಚ್ಚಾಗಿ ನೆರವಾಗುವುದು ಉಪ್ಪುನೀರು ತುಂಬಿದ ಆಳದ ಶಿಲಾಸ್ತರಗಳು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಸಾವಿರ ಅಡಿ ಕೊರೆದರೂ ನೀರು ಕಾಣದೆ ಬರಿದಾಗಿ ನಿಂತ ಕೊಳವೆಬಾವಿಗಳು ಊರೂರಿಗೂ ಉಂಟು. ನೀರು ಕೊಡದ ಈ ಆಳದ ಕೊಳವೆಗಳಲ್ಲಿ ಹೊಗೆಯನ್ನಾದರೂ ಹೂಳಬಹುದಲ್ಲವೆ ಎಂಬ ಪ್ರಶ್ನೆ ಕೇಳುವವನ ಮನಸ್ಸಿನಲ್ಲಿ ಸಹಜವಾಗಿ ಏಳುತ್ತದೆ. ಈ ಪ್ರಶ್ನೆಗೆ ಉತ್ತರ ಹೇಳುತ್ತ, ಭೂನಿಕ್ಷೇಪವೆಂದರೇನು, ಅದಕ್ಕೆ ಎಂತಹ ಶಿಲೆ ಬೇಕು, ಆ ಶಿಲೆ ನಮ್ಮಲ್ಲಿ ಉಂಟೆ, ಇಲ್ಲವಾದರೆ ನಮ್ಮ ನೆಲಕ್ಕೂ ಈ ವಿಚಾರಕ್ಕೂ ಏನು ಸಂಬಂಧ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ವಾಯುವಿನ ವಿಚಾರ. ಗಾಳಿಯಲ್ಲಿ ಇಂಗಾಲಾಮ್ಲದ ಪ್ರಮಾಣ ಬಹು ಸ್ವಲ್ಪ. ಯಂತ್ರಯುಗಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು ೨೮೦ ಭಾಗವಿದ್ದಿತು. ೧೯೫೮ರಲ್ಲಿ ಹವಾಯಿ ದ್ವೀಪದ ಮೌನ ಲೋವ ಪರ್ವತದ ಮೇಲೆ ಕ್ರಮವಾಗಿ ಅಳೆಯಲು ತೊಡಗಿದಾಗ ಅದು ಸುಮಾರು ೩೧೫ ಆಗಿದ್ದಿತು. ಈಗ ೪೨೦ನ್ನು ದಾಟಿದೆ. ಭೂಮಿಯಿಂದ ಹೊರಡುವ ಶಾಖವನ್ನು ಈ ವಾಯು ತಡೆಯುವುದೆಂದೂ, ಇದು ಹೆಚ್ಚಿದರೆ ಭೂಮಿಯ ಉಷ್ಣತೆ ಏರುವುದೆಂದೂ ಸ್ವೀಡನ್ನಿನ ಅರ್ಹೇನಿಯಸ್ ಎಂಬ ವಿಜ್ಞಾನಿ ೧೮೯೬ರಷ್ಟು ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದನು. ಇಂದು ಲೋಕದ ಇಂಧನಗಳಿಂದಲೂ ಸಿಮೆಂಟಿನಿಂದಲೂ ವರ್ಷಕ್ಕೆ ೩,೫೦೦ ಕೋಟಿ ಟನ್ನಿಗೂ ಹೆಚ್ಚಾದ ಇಂಗಾಲಾಮ್ಲ ಗಾಳಿಗೆ ಸೇರುತ್ತಿದೆ. ಇದಕ್ಕೆ ಪ್ರತಿಯಾಗಿ ಹಿಡಿದಿಡುವ ಸ್ಥಾವರಗಳ ಸಾಮರ್ಥ್ಯವೆಲ್ಲ ಸೇರಿ ವರ್ಷಕ್ಕೆ ಐದು ಕೋಟಿ ಟನ್ನಿನ ಆಸುಪಾಸಿನದು. ಅದರಲ್ಲಿಯೂ ಬಹುಪಾಲು ಹಳೆಯ ಎಣ್ಣೆಬಾವಿಗಳಿಂದ ಇನ್ನಷ್ಟು ಎಣ್ಣೆಯನ್ನು ಹೊರದೂಡಲು ಬಳಕೆಯಾಗುತ್ತದೆ. ಆದುದರಿಂದ ಭೂನಿಕ್ಷೇಪವು ಹೊಗೆಯನ್ನು ಕಡಿಮೆ ಮಾಡುವ ಕೆಲಸಕ್ಕೆ ಪೂರಕವೇ ಹೊರತು ಅದರ ಸ್ಥಾನದಲ್ಲಿ ನಿಲ್ಲತಕ್ಕುದಲ್ಲ. ಈ ಅಳತೆಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯುವುದು ಒಳ್ಳೆಯದು.

೩

ಭೂಮಿಯಲ್ಲಿ ವಾಯುವನ್ನು ಇಡುವುದೆಂದರೆ ಒಂದು ಗುಹೆಯನ್ನೋ ಹಗೇವನ್ನೋ ತುಂಬಿಸಿ ಬಾಯಿ ಮುಚ್ಚುವುದೆಂದು ಅನೇಕರು ಭಾವಿಸುವುದುಂಟು. ಹಾಗಲ್ಲ. ವಾಯು ಸೇರುವುದು ಕಲ್ಲಿನ ಒಳಗೆ. ಮರಳುಗಲ್ಲು ಮರಳಿನ ಕಣಗಳು ಒತ್ತಿ ಬೆಸೆದು ಆದುದು; ಕಣಕ್ಕೂ ಕಣಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ತೆರಪುಗಳಿರುತ್ತವೆ. ಸಮುದ್ರಗಳೂ ನದೀಮುಖಗಳೂ ಇದ್ದ ಕಡೆ ಯುಗಾಂತರಗಳಲ್ಲಿ ಮರಳೂ ಜೇಡಿಯೂ ಪದರಪದರವಾಗಿ ಕೂಡಿ ಸಾವಿರಾರು ಅಡಿ ದಪ್ಪವಾಗಿ ಬೆಳೆದಿವೆ. ಅಂತಹ ಸ್ತರಗಳ ಆಳದಲ್ಲಿ ಈ ತೆರಪುಗಳೆಲ್ಲ ಉಪ್ಪುನೀರಿನಿಂದ ತುಂಬಿವೆ. ಈ ನೀರು ಕುಡಿಯುವುದಕ್ಕೂ ಬೇಸಾಯಕ್ಕೂ ಬಾರದು. ಇದನ್ನು ಪಕ್ಕಕ್ಕೆ ಒತ್ತರಿಸಿ, ಇದು ಇದ್ದೆಡೆಯಲ್ಲಿ ಇಂಗಾಲಾಮ್ಲವನ್ನು ನಿಲ್ಲಿಸುವುದೇ ಲವಣಜಲ ಶಿಲಾಸ್ತರದ ನಿಕ್ಷೇಪ.

ಆಳ ಏತಕ್ಕೆ ಬೇಕೆಂದರೆ, ಒತ್ತಡಕ್ಕಾಗಿ. ಇಂಗಾಲಾಮ್ಲವು ಸೆಂಟಿಗ್ರೇಡಿನ ೩೧ ಡಿಗ್ರಿಯನ್ನೂ ಗಾಳಿಯ ಒತ್ತಡದ ಸುಮಾರು ೭೩ರಷ್ಟನ್ನೂ ಮೀರಿದರೆ, ವಾಯುವೂ ಅಲ್ಲದ ದ್ರವವೂ ಅಲ್ಲದ ಒಂದು ದಟ್ಟವಾದ ಸ್ಥಿತಿಗೆ ಬರುತ್ತದೆ. ಭೂಮಿಯೊಳಗೆ ಸುಮಾರು ೮೦೦ ಮೀಟರಿಗಿಂತ ಕೆಳಗೆ ಈ ಸ್ಥಿತಿ ತಾನಾಗಿ ಒದಗುತ್ತದೆ. ನೆಲದ ಮೇಲೆ ೫೦೦ ಘನ ಮೀಟರಿಗೂ ಹೆಚ್ಚು ಜಾಗ ಹಿಡಿಯುವ ಒಂದು ಟನ್ನು ಇಂಗಾಲಾಮ್ಲ ಅಲ್ಲಿ ಎರಡು ಘನ ಮೀಟರಿನಷ್ಟರಲ್ಲಿಯೇ ಅಡಗುತ್ತದೆ. ೮೦೦ ಮೀಟರೆಂದರೆ ೨,೬೦೦ ಅಡಿಗೂ ಮಿಕ್ಕ ಆಳ. ತೆಂಗಿನ ಸೀಮೆಯ ಸಾವಿರ ಅಡಿಯ ಕೊಳವೆಬಾವಿ ಅದರ ಅರ್ಧಕ್ಕೂ ಮುಟ್ಟುವುದಿಲ್ಲ. ಬರಿದಾದ ಬಾವಿಗಳನ್ನು ಕುರಿತ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿಯೇ ದೊರೆಯಿತು.

ಹೀಗೆ ದಟ್ಟವಾದರೂ ಇಂಗಾಲಾಮ್ಲ ಉಪ್ಪುನೀರಿಗಿಂತ ಹಗುರ. ಆದುದರಿಂದ ಅದು ಮೇಲಕ್ಕೆ ಏರಲು ಸದಾ ಹವಣಿಸುತ್ತದೆ. ಅದನ್ನು ತಡೆಯಲು ಮರಳುಗಲ್ಲಿನ ಮೇಲೆ ಜೇಡಿಯ ಪದರುಗಲ್ಲಿನಂತಹ, ತೆರಪುಗಳು ತೀರ ಸಣ್ಣದಾದ ಹೊದಿಕೆಗಲ್ಲು ವಿಸ್ತಾರವಾಗಿ ಹಬ್ಬಿರಬೇಕು. ಇದು ಮೊದಲನೆಯ ತಡೆ. ಕಾಲ ಕಳೆದಂತೆ ಇನ್ನು ಮೂರು ತಡೆಗಳು ಸೇರಿಕೊಳ್ಳುತ್ತವೆ. ಏರುವ ವಾಯುವಿನ ಒಂದು ಭಾಗ ಕಣಗಳ ಸಂದುಗಳಲ್ಲಿ ಬಿಡಿಬಿಡಿ ಗುಳ್ಳೆಗಳಾಗಿ ಸಿಕ್ಕಿಕೊಂಡು ಅಲ್ಲಿಯೇ ಉಳಿಯುತ್ತದೆ. ಇನ್ನೊಂದು ಭಾಗ ಉಪ್ಪುನೀರಿನಲ್ಲಿ ಕರಗುತ್ತದೆ. ಕರಗಿದ ನೀರು ಕೊಂಚ ಭಾರವಾಗಿ ಕೆಳಕ್ಕೆ ಇಳಿಯುವುದರಿಂದ ಮೇಲೇರುವ ಭಯ ಆ ಭಾಗಕ್ಕೆ ಇಲ್ಲ. ಮತ್ತೊಂದು ಭಾಗ ಶಿಲೆಯಲ್ಲಿರುವ ಸುಣ್ಣ, ಮೆಗ್ನೀಸಿಯಂ, ಕಬ್ಬಿಣಗಳೊಡನೆ ಕೂಡಿ ಕಲ್ಲೇ ಆಗುತ್ತದೆ. ಮರಳುಗಲ್ಲಿನಲ್ಲಿ ಇದಕ್ಕೆ ಸಾವಿರಾರು ವರ್ಷ ಹಿಡಿಯುತ್ತದೆ. ದಿನ ಕಳೆದಂತೆ ನಿಕ್ಷೇಪ ಭದ್ರವಾಗುತ್ತ ಹೋಗುವುದು ಈ ಕ್ರಮದಿಂದ. ಚೆನ್ನಾಗಿ ಆರಿಸಿ, ಚೆನ್ನಾಗಿ ನೋಡಿಕೊಂಡ ಸ್ತರದಲ್ಲಿ ಇಟ್ಟ ವಾಯುವಿನ ನೂರಕ್ಕೆ ೯೯ಕ್ಕೂ ಹೆಚ್ಚು ಪಾಲು ಸಾವಿರ ವರ್ಷ ಉಳಿಯುವ ಸಂಭವವಿದೆ ಎಂದು ಹವಾಮಾನ ಬದಲಾವಣೆಯನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ಮಂಡಲಿ ೨೦೦೫ರ ತನ್ನ ವಿಶೇಷ ವರದಿಯಲ್ಲಿ ಅಭಿಪ್ರಾಯಪಟ್ಟಿದೆ.

ಹೊದಿಕೆಗಲ್ಲಿನ ಗುಣವನ್ನು ತಿಳಿಯಲು ತಿಪಟೂರಿನವರಿಗೆ ದೂರ ಹೋಗಬೇಕಾದುದಿಲ್ಲ. ಅಲ್ಲಿ ಉಂಡೆ ಕೊಬ್ಬರಿ ಮಾಡಬೇಕಾದರೆ ಬಲಿತ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಕರಟ ಒಡೆಯುವುದಿಲ್ಲ, ಬಿರುಕು ಬಿಡುವುದಿಲ್ಲ. ಆದರೂ ಒಳಗಿನ ನೀರೆಲ್ಲ ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ ಗಿಟಕಾಗಿ ಕರಟದಿಂದ ಬಿಟ್ಟುಕೊಂಡು ಒಳಗೆ ಉರುಳುತ್ತದೆ. ಎಂದರೆ, ಬಹು ಗಟ್ಟಿಯಾದ ಕರಟವೂ ಪೂರ್ಣವಾಗಿ ಬಿಗಿಯಾದುದಲ್ಲ. ವಸ್ತು ಒಳಗೆ ನಿಂತಿತು ಎಂಬುದು ಎಷ್ಟು ಕಾಲದ ಅಳತೆಯಲ್ಲಿ ಎಂಬುದರ ಮೇಲೆ ನಿಂತ ಮಾತು. ಹೊದಿಕೆಗಲ್ಲೂ ಹಾಗೆಯೇ, ಅದರ ದಪ್ಪವೂ ಬಿಗಿಯೂ ಸಾವಿರಾರು ವರ್ಷಗಳ ಲೆಕ್ಕಕ್ಕೆ ಸಾಕೆ ಎಂಬುದೇ ಪರೀಕ್ಷೆ. ಇನ್ನೊಂದು ಮಾತೂ ಉಂಟು. ಕಾಯಿಯಿಂದ ನೀರನ್ನು ಬೇಗ ಹೊರತೆಗೆಯಬೇಕಾದವನು ಕರಟದ ಬೆನ್ನನ್ನು ಕೊರೆಯುವುದಿಲ್ಲ, ಮೆತ್ತನೆಯ ಕಣ್ಣನ್ನು ಹುಡುಕುತ್ತಾನೆ. ಶಿಲಾಸ್ತರಕ್ಕೆ ಅಂತಹ ಕಣ್ಣುಗಳು ಯಾವುವೆಂದರೆ, ಮನುಷ್ಯನೇ ಕೊರೆದ ಬಾವಿಗಳು. ಭೂನಿಕ್ಷೇಪ ಸೋರಿದರೆ ಅಖಂಡವಾದ ಕಲ್ಲಿನ ಮೂಲಕಕ್ಕಿಂತ ಈ ಕಣ್ಣುಗಳ ಮೂಲಕ ಸೋರುವ ಸಂಭವವೇ ಹೆಚ್ಚು.

೪

ಈ ವಿದ್ಯೆ ಪುಸ್ತಕದಲ್ಲಿ ಮಾತ್ರ ಉಳಿದಿಲ್ಲ. ನಾರ್ವೆ ದೇಶವು ೧೯೯೧ರಲ್ಲಿ ಸಮುದ್ರದ ಎಣ್ಣೆ ಅನಿಲಗಳ ಉದ್ಯಮದ ಮೇಲೆ ಇಂಗಾಲಾಮ್ಲದ ತೆರಿಗೆಯನ್ನು ಹಾಕಿತು. ಅದರ ಸ್ಲೈಪ್ನರ್ ಎಂಬ ಸಮುದ್ರಸ್ಥಾವರದಲ್ಲಿ ದೊರೆಯುವ ನೈಸರ್ಗಿಕ ಅನಿಲದಲ್ಲಿ ಇಂಗಾಲಾಮ್ಲ ನೂರಕ್ಕೆ ಸುಮಾರು ೯ರಷ್ಟಿದ್ದು, ಮಾರುವ ಮುಂಚೆ ಅದನ್ನು ಬೇರ್ಪಡಿಸಲೇಬೇಕಾಗಿದ್ದಿತು. ಬೇರ್ಪಡಿಸಿದುದನ್ನು ಗಾಳಿಗೆ ಬಿಟ್ಟು ತೆರಿಗೆ ತೆರುವುದಕ್ಕಿಂತ ಸಮುದ್ರತಳದ ಕೆಳಗಿನ ಊಟ್ಸಿರಾ ಎಂಬ ಉಪ್ಪುನೀರಿನ ಮರಳುಸ್ತರಕ್ಕೆ ಒತ್ತುವುದು ಲಾಭವೆಂದು ಕಂಡು, ೧೯೯೬ರಲ್ಲಿ ಆ ಕೆಲಸ ಆರಂಭವಾಯಿತು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಟನ್ನಿನ ಪ್ರಮಾಣದಲ್ಲಿ ವಾಯು ಅಲ್ಲಿಗೆ ಇಳಿಯಿತು. ಭೂಮಿಯೊಳಕ್ಕೆ ಧ್ವನಿತರಂಗಗಳನ್ನು ಕಳುಹಿಸಿ ಅವು ಮರಳುವ ಬಗೆಯನ್ನು ಗುರುತಿಸಿ, ವಾಯು ಎಲ್ಲಿ ಹರಡಿದೆ, ಎಲ್ಲಿ ನಿಂತಿದೆ ಎಂಬುದರ ಚಿತ್ರವನ್ನು ಆಗಾಗ ತೆಗೆಯುತ್ತ ಬಂದಿದ್ದಾರೆ. ಹೊದಿಕೆಗಲ್ಲು ತನ್ನ ಕೆಲಸವನ್ನು ಮಾಡಿದೆ ಎಂಬುದು ಈ ಚಿತ್ರಗಳ ಸಾರಾಂಶ.

ಎಲ್ಲೆಡೆಯೂ ಹೀಗೆ ನಡೆಯಲಿಲ್ಲ. ಆಲ್ಜೀರಿಯ ದೇಶದ ಇನ್ ಸಾಲಾ ಎಂಬಲ್ಲಿ ೨೦೦೪ರಿಂದ ೨೦೧೧ರ ವರೆಗೆ ಸುಮಾರು ೩೮ ಲಕ್ಷ ಟನ್ನನ್ನು ಒಳಗಿಟ್ಟರು. ಅಲ್ಲಿಯ ಮರಳುಗಲ್ಲಿನ ತೆರಪುಗಳು ಕಡಿಮೆ. ಒತ್ತಡ ಏರಿ, ಮೇಲಿನ ಮರಳುಗಾಡಿನ ನೆಲವೇ ಮಿಲಿಮೀಟರುಗಳ ಲೆಕ್ಕದಲ್ಲಿ ಉಬ್ಬಿದುದನ್ನು ಉಪಗ್ರಹಗಳು ಅಳೆದುವು. ಹೊದಿಕೆಯ ಭದ್ರತೆಯಲ್ಲಿ ಸಂದೇಹ ಬಂದುದರಿಂದ ಕೆಲಸ ನಿಂತಿತು. ಆಸ್ಟ್ರೇಲಿಯದ ಬ್ಯಾರೊ ದ್ವೀಪದಲ್ಲಿ ೨೦೧೯ರಲ್ಲಿ ಆರಂಭವಾದ ದೊಡ್ಡ ಸ್ಥಾವರ, ಆಳದ ನೀರಿನ ಒತ್ತಡವನ್ನು ಇಳಿಸುವುದು ಕಷ್ಟವಾಗಿ, ತಾನು ಮಾತುಕೊಟ್ಟಷ್ಟನ್ನು ಇಡಲಾರದೆ ಹೋಯಿತು. ಅಮೆರಿಕದ ಇಲಿನಾಯ್ ಸಂಸ್ಥಾನದ ಡಿಕೇಟರಿನಲ್ಲಿ ಮೆಕ್ಕೆಜೋಳವನ್ನು ಹುಳಿಯಿಸಿ ಮದ್ಯಸಾರ ಮಾಡುವಾಗ ಬರುವ ಇಂಗಾಲಾಮ್ಲವನ್ನು ಸುಮಾರು ೨,೧೦೦ ಮೀಟರು ಆಳದ ಮರಳುಗಲ್ಲಿಗೆ ಇಳಿಸುತ್ತಾರೆ. ೨೦೧೧ರಿಂದ ೨೦೧೪ರ ವರೆಗಿನ ಮೊದಲ ಪ್ರಯೋಗದಲ್ಲಿ ಅಲ್ಲಿ ಹತ್ತು ಲಕ್ಷ ಟನ್ನು ಸೇರಿತು. ಅದೇ ಸ್ಥಳದಲ್ಲಿ ನಿಕ್ಷೇಪವನ್ನು ಪರೀಕ್ಷಿಸುವುದಕ್ಕೆಂದೇ ಕೊರೆದ ಬಾವಿಯೊಂದರ ಕೊಳವೆ ಸವೆದು, ವಾಯು ತನಗೆ ಗೊತ್ತುಮಾಡಿದ ಸ್ತರವನ್ನು ಬಿಟ್ಟು ಮೇಲಿನ ಸ್ತರಕ್ಕೆ ಸೇರಿದ ಸಂಗತಿ ೨೦೨೪ರಲ್ಲಿ ಪ್ರಕಟವಾಯಿತು. ಕರಟ ನಿಂತಿತು, ಕಣ್ಣು ಸೋರಿತು.

ಇಂಗಾಲಾಮ್ಲದ ಸೋರಿಕೆ ಎಂದೊಡನೆ ೧೯೮೬ರ ಆಗಸ್ಟಿನಲ್ಲಿ ಕ್ಯಾಮರೂನ್ ದೇಶದ ನಿಯೋಸ್ ಸರೋವರದಿಂದ ಒಮ್ಮೆಗೇ ಎದ್ದ ಇಂಗಾಲಾಮ್ಲದ ಮೋಡದಲ್ಲಿ ೧,೭೦೦ಕ್ಕೂ ಹೆಚ್ಚು ಜನ ಉಸಿರುಕಟ್ಟಿ ಸತ್ತುದು ಕೆಲವರ ನೆನಪಿಗೆ ಬರುತ್ತದೆ. ಅದು ಅಗ್ನಿಪರ್ವತದ ಬಾಯಿಯಲ್ಲಿ ನಿಂತ ಸರೋವರದ ನೀರಿನಲ್ಲಿ ಕರಗಿದ್ದ ವಾಯು ಒಂದೇ ರಾತ್ರಿ ಉಕ್ಕಿದುದರಿಂದ ಆದುದು. ಕಲ್ಲಿನ ತೆರಪುಗಳಲ್ಲಿ ಚದರಿ ನಿಂತ ವಾಯು ಆ ರೀತಿಯಲ್ಲಿ ಉಕ್ಕಲಾರದು. ಆದರೂ ಗಾಳಿಗಿಂತ ಭಾರವಾದ ಈ ವಾಯು ಹಳ್ಳಕೊಳ್ಳಗಳಲ್ಲಿ ಮಡುಗಟ್ಟಬಲ್ಲುದೆಂಬ ಎಚ್ಚರಿಕೆಯನ್ನು ಆ ದುರಂತ ಕೊಟ್ಟಿದೆ.

೫

ಇನ್ನು ನಮ್ಮ ನೆಲಕ್ಕೆ ಬರೋಣ. ಭಾರತದಲ್ಲಿ ಉಪ್ಪುನೀರಿನ ಆಳಸ್ತರಗಳು ಇರುವುದು ಕೃಷ್ಣಾ ಗೋದಾವರೀ ಮುಖಜಭೂಮಿ, ಕಾವೇರಿಯ ಮುಖ, ಖಂಭಾತ, ಮುಂಬಯಿಯ ಸಮುದ್ರತಳ, ರಾಜಸ್ಥಾನದ ಪಶ್ಚಿಮಭಾಗ ಮೊದಲಾದ ಕಡೆಗಳಲ್ಲಿ. ದೇಶದ ಶಿಲೆಗಳೆಲ್ಲ ಸೇರಿ ೪೦,೦೦೦ದಿಂದ ೬೦,೦೦೦ ಕೋಟಿ ಟನ್ನಿನ ವರೆಗೆ ಇಂಗಾಲಾಮ್ಲವನ್ನು ಇಟ್ಟುಕೊಳ್ಳಬಹುದೆಂದು ನೀತಿ ಆಯೋಗದ ೨೦೨೨ರ ವರದಿಯಲ್ಲಿ ಅಂದಾಜು ಉಂಟು. ಇದು ಶಿಲೆಯ ಲೆಕ್ಕಾಚಾರದಿಂದ ಬಂದ ಅಂದಾಜೇ ಹೊರತು ಕೊರೆದು ಪರೀಕ್ಷಿಸಿ ತಿಳಿದುದಲ್ಲ. ಈ ಪಟ್ಟಿಯಲ್ಲಿ ಮೈಸೂರಿನ ಪ್ರಸ್ಥಭೂಮಿಗೆ ಸ್ಥಾನವಿಲ್ಲ. ಏತಕ್ಕೆಂಬುದನ್ನು ಸ್ವಲ್ಪ ವಿವರಿಸಬೇಕು.

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ೧೮೯೪ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ನಮ್ಮ ನಾಡಿನ ಅತಿಪ್ರಾಚೀನ ಪದರಶಿಲೆಗಳಿಗೆ ಧಾರವಾಡದ ಹೆಸರನ್ನು ಕೊಟ್ಟವರೂ ಅವರೇ. ಅಂದಿನಿಂದ ನಡೆದ ಪರಿಶೋಧನೆಗಳಿಂದ ತಿಳಿದುಬರುವುದು ಇದು. ತುಮಕೂರು ಜಿಲ್ಲೆಯ ತಳಹದಿ ಮುನ್ನೂರು ಕೋಟಿ ವರ್ಷದ ಆಸುಪಾಸಿನ ನೈಸ್ ಶಿಲೆ. ಕರಿಯ ಬಿಳಿಯ ಪಟ್ಟೆಗಳುಳ್ಳ, ಜನರು ಕಂಬಕ್ಕೂ ಚಪ್ಪಡಿಗೂ ಸೀಳುವ ಕಲ್ಲು ಇದೇ. ಇದರ ನಡುವೆ ಚಿಕ್ಕನಾಯಕನಹಳ್ಳಿಯ ಮೂಲಕ ಧಾರವಾಡ ಶಿಲೆಗಳ ಒಂದು ಪಟ್ಟಿ ಹಾದುಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲುಗಳು ಈ ಪಟ್ಟಿಯವು. ಇವೆಲ್ಲ ಭೂಮಿಯ ಆಳದಲ್ಲಿ ಬೆಂದು ಹಿಂಡಿ ಬಿಗಿದುಹೋದ ಕಲ್ಲುಗಳು. ಮರಳುಗಲ್ಲಿನಲ್ಲಿ ನೂರಕ್ಕೆ ಹತ್ತು ಇಪ್ಪತ್ತು ಪಾಲು ತೆರಪು ಇರಬಹುದು, ಊಟ್ಸಿರಾದಂತಹ ಸಡಿಲವಾದ ಮರಳಿನಲ್ಲಿ ಅದು ಮೂವತ್ತೈದನ್ನೂ ಮುಟ್ಟುವುದುಂಟು. ಅಖಂಡವಾದ ನೈಸಿನಲ್ಲಿ ಒಂದು ಪಾಲೂ ಇರುವುದು ಅಪೂರ್ವ.

ಹಾಗಾದರೆ ಕೊಳವೆಬಾವಿಗೆ ನೀರು ಬರುವುದೆಲ್ಲಿಂದ? ಕಲ್ಲಿನ ಬಿರುಕುಗಳಿಂದ. ಬಿರುಕು ಸಿಕ್ಕಿದ ತೋಟದಲ್ಲಿ ನೀರು ಚಿಮ್ಮುತ್ತದೆ, ಪಕ್ಕದ ತೋಟದಲ್ಲಿ ಅದಕ್ಕೂ ಆಳಕ್ಕೆ ಹೋದರೂ ಬರಿಯ ಬಿಳಿಯ ಧೂಳು ಬರುತ್ತದೆ. ತೆಂಗಿನ ಬೆಳೆಗಾರನು ಸಾಲ ಮಾಡಿ ಕಲಿತ ಈ ಪಾಠವೇ ಭೂನಿಕ್ಷೇಪದ ಪ್ರಶ್ನೆಗೂ ಉತ್ತರ. ಬಿರುಕುಗಳ ಒಟ್ಟು ಜಾಗ ಅತ್ಯಲ್ಪ. ವಾಯುವನ್ನು ಇಡಲು ಸಾಲದು. ಅವುಗಳ ಮೇಲೆ ಹೊದಿಕೆಗಲ್ಲಿಲ್ಲ. ಬಿರುಕು ಮೇಲಿನ ಮೃದುಗಲ್ಲಿನವರೆಗೂ, ಅಲ್ಲಿಂದ ತೋಡುಬಾವಿಯವರೆಗೂ ಮುಟ್ಟಿರಬಹುದು. ಅವುಗಳಲ್ಲಿರುವುದು ಬೇಡವಾದ ಉಪ್ಪುನೀರೂ ಅಲ್ಲ, ಜನರೂ ದನಕರುಗಳೂ ತೆಂಗೂ ನೆಚ್ಚಿಕೊಂಡಿರುವ ನೀರು. ಆ ನೀರಿನಲ್ಲಿ ಇಂಗಾಲಾಮ್ಲ ಕರಗಿದರೆ ಹುಳಿಯೇರಿ, ಕಲ್ಲಿನಲ್ಲಿರುವ ಲೋಹಾಂಶಗಳು ನೀರಿಗೆ ಬಿಟ್ಟುಕೊಳ್ಳುವ ಸಂಭವ ಉಂಟು. ಊರೂರಿಗೂ ಇರುವ ಕೊಳವೆಬಾವಿಗಳೋ, ಒಂದೊಂದೂ ಕರಟದ ಒಂದೊಂದು ಕಣ್ಣು. ಆದುದರಿಂದ ಬರಿದಾದ ಬಾವಿಯಲ್ಲಿ ಹೊಗೆಯನ್ನು ಹೂಳುವ ಮಾತು ಆಗತಕ್ಕುದೂ ಅಲ್ಲ, ಆಗಬೇಕಾದುದೂ ಅಲ್ಲ. ಮುಂದೆ ಯಾರಾದರೂ ಅಂತಹ ಆಸೆಯನ್ನು ತೋರಿಸಿದರೆ, ಹೊದಿಕೆಗಲ್ಲು ಎಲ್ಲಿದೆ, ತೆರಪು ಎಷ್ಟಿದೆ, ಆಳದಲ್ಲಿರುವುದು ಯಾವ ನೀರು ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು.

೬

ಇಷ್ಟರಿಂದ ತೆಂಗಿನ ಸೀಮೆಗೂ ಇಂಗಾಲದ ನಿಕ್ಷೇಪಕ್ಕೂ ಸಂಬಂಧವೇ ಇಲ್ಲವೆಂದು ತಿಳಿದರೆ ತಪ್ಪಾಗುತ್ತದೆ. ಆ ಸೀಮೆಯಲ್ಲಿ ಪ್ರಕೃತಿಯೇ ಇಟ್ಟ ಒಂದು ನಿಕ್ಷೇಪ ಉಂಟು. ಅದು ಚಿಕ್ಕನಾಯಕನಹಳ್ಳಿಯ ಪಟ್ಟಿಯ ಸುಣ್ಣಕಲ್ಲು.

ಶುದ್ಧವಾದ ಸುಣ್ಣಕಲ್ಲಿನ ನೂರು ಟನ್ನಿನಲ್ಲಿ ೪೪ ಟನ್ನು ಇಂಗಾಲಾಮ್ಲ, ೫೬ ಟನ್ನು ಸುಣ್ಣ. ಇಂದಿಗೆ ೨೫೦ ಕೋಟಿ ವರ್ಷಗಳಿಗೂ ಹಿಂದೆ ಈ ಪ್ರದೇಶ ಸಮುದ್ರವಾಗಿದ್ದಾಗ, ಅಂದಿನ ಗಾಳಿಯ ಇಂಗಾಲಾಮ್ಲ ನೀರಿನಲ್ಲಿ ಕರಗಿ, ಸುಣ್ಣ ಮೆಗ್ನೀಸಿಯಂಗಳೊಡನೆ ಕೂಡಿ ಕಲ್ಲಾಗಿ ತಳಕ್ಕೆ ಇಳಿಯಿತು. ಈ ಪಟ್ಟಿಗೆ ಸೇರಿದ ದೊಡ್ಡಗುಣಿಯ ಕಲ್ಲುಗಳಲ್ಲಿ ಪದರಪದರವಾದ ಗುಮ್ಮಟದಂತಹ ಆಕೃತಿಗಳು ದೊರೆತಿವೆ. ಅವು ಕಣ್ಣಿಗೆ ಕಾಣದ ಜೀವಿಗಳು ಹಾಸುಹಾಸಾಗಿ ಬೆಳೆದು ಬಿಟ್ಟ ಗುರುತುಗಳೆಂದು ವಿದ್ವಾಂಸರು ಹೇಳುತ್ತಾರೆ. ಹಿಂದೆ ಹೇಳಿದ ನಾಲ್ಕು ತಡೆಗಳಲ್ಲಿ ಕೊನೆಯದು, ಎಂದರೆ ವಾಯು ಕಲ್ಲಾಗುವುದು, ಎಷ್ಟು ಭದ್ರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ನಿಕ್ಷೇಪವನ್ನು ತೆರೆಯುವ ವಿದ್ಯೆಯೂ ನಮ್ಮಲ್ಲಿ ಹಳೆಯದು. ಸುಣ್ಣದ ಗೂಡಿನಲ್ಲಿ ಕಲ್ಲನ್ನು ಸುಟ್ಟರೆ ಇಂಗಾಲಾಮ್ಲ ಹೊಗೆಯೊಡನೆ ಹೋಗಿ ಸುಣ್ಣ ಉಳಿಯುತ್ತದೆ. ಆದರೆ ಆ ಸುಣ್ಣವನ್ನು ಅರೆದು ಗಾರೆ ಮಾಡಿ ಗೋಡೆಗೆ ಮೆತ್ತಿದಾಗ, ಅದು ಗಾಳಿಯಿಂದ ಇಂಗಾಲಾಮ್ಲವನ್ನು ಮತ್ತೆ ಹೀರಿಕೊಂಡು ಕಲ್ಲಾಗುತ್ತದೆ. ಹಳೆಯ ಗಾರೆ ವರ್ಷ ಕಳೆದಂತೆ ಗಟ್ಟಿಯಾಗುವುದರ ರಹಸ್ಯ ಇದೇ. ಕೊಂಡ ಸಾಲದ ಬಹುಪಾಲು ಹೀಗೆ ತೀರುತ್ತಿದ್ದಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಮೈಸೂರು ಸಿಮೆಂಟ್ಸ್ ಕಂಪೆನಿಯ ಕಾರ್ಖಾನೆ ಏರ್ಪಟ್ಟುದು ಈ ಪ್ರದೇಶದ ಸುಣ್ಣಕಲ್ಲನ್ನು ನೆಮ್ಮಿಕೊಂಡು. ಸಿಮೆಂಟೂ ಕಾಲಕ್ರಮದಲ್ಲಿ ಕೊಂಚ ಇಂಗಾಲಾಮ್ಲವನ್ನು ಹೀರುವುದಾದರೂ, ಸುಡುವಾಗ ಬಿಟ್ಟುದನ್ನೆಲ್ಲ ಅದು ಹಿಂದಕ್ಕೆ ಪಡೆಯಲಾರದು. ಕಲ್ಲನ್ನು ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಅದಕ್ಕೆ ಬೇರೆ ಸೇರುತ್ತದೆ. ಕಲ್ಲಿದ್ದಲಿಗೆ ಬದಲಾಗಿ ಬಿಸಿಲಿನ ವಿದ್ಯುತ್ತನ್ನು ತಂದರೂ ಸುಣ್ಣಕಲ್ಲಿನೊಳಗಿನ ಇಂಗಾಲಾಮ್ಲ ಬಿಡದೆ ಇರದು. ಲೋಕದಲ್ಲಿ ಭೂನಿಕ್ಷೇಪದ ಅವಶ್ಯಕತೆಯನ್ನು ಹೇಳುವವರು ಸಿಮೆಂಟಿನ ಉದ್ಯಮವನ್ನು ಮೊದಲು ಎತ್ತಿ ಹೇಳುವುದು ಈ ಕಾರಣದಿಂದಲೇ. ಕಲ್ಲಿನಿಂದ ವಾಯುವನ್ನು ಬಿಡಿಸುವುದು ಒಂದು ಊರಿನಲ್ಲಿ, ಅದನ್ನು ಮರಳಿ ಕೊಳ್ಳಬಲ್ಲ ಕಲ್ಲು ನೂರಾರು ಮೈಲಿ ಆಚೆ: ಗಟ್ಟಿಶಿಲೆಯ ನಾಡುಗಳಿಗೆಲ್ಲ ಇರುವ ತೊಡಕು ಇದು. ೧೯೮೫ರಲ್ಲಿ ಕೆಲಸ ತೊಡಗಿದ ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೂ ಇದೇ ಮಾತು ಸಲ್ಲುತ್ತದೆ. ಅದು ನಿಂತಿರುವ ತಳವೂ ಗಟ್ಟಿಶಿಲೆಯೇ.

ತೆಂಗಿನ ತೋಟವೇ ಇಂಗಾಲಾಮ್ಲವನ್ನು ಹೀರುವುದಲ್ಲವೆ ಎಂದು ಕೇಳಬಹುದು. ಹೀರುವುದು ನಿಜ. ಮರ ನಿಂತಿರುವವರೆಗೆ ಕಾಂಡದಲ್ಲಿ ಇಂಗಾಲ ನಿಂತಿರುತ್ತದೆ. ಗರಿ, ಮಟ್ಟೆ, ಸಿಪ್ಪೆಗಳಲ್ಲಿರುವುದು ಕೊಳೆತೋ ಒಲೆಯಲ್ಲಿ ಉರಿದೋ ಕೆಲವೇ ವರ್ಷಗಳಲ್ಲಿ ಗಾಳಿಗೆ ಮರಳುತ್ತದೆ. ಕರಟವನ್ನು ಸುಟ್ಟು ಮಾಡಿದ ಇದ್ದಲು ಇದಕ್ಕೆ ಒಂದು ಅಪವಾದ. ಅದನ್ನು ಉರಿಸದೆ ಮಣ್ಣಿಗೆ ಸೇರಿಸಿದರೆ ಬಹುಕಾಲ ಕೊಳೆಯದೆ ಉಳಿಯುತ್ತದೆ. ಇದು ಸಣ್ಣ ಅಳತೆಯ ಕೆಲಸವಾದರೂ ಆ ಸೀಮೆಯವರ ಕೈಯಳತೆಯಲ್ಲಿ ಇರುವಂತಹದು.

೭

ಕರ್ನಾಟಕದಲ್ಲಿ ಭೂನಿಕ್ಷೇಪಕ್ಕೆ ಸ್ವಲ್ಪವಾದರೂ ಆಸೆ ತೋರಿಸುವ ಶಿಲೆ ಯಾವುದಾದರೂ ಉಂಟೆ? ಉತ್ತರದಲ್ಲಿ ಒಂದು ಉಂಟು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಭಾಗಗಳನ್ನು ಹೊದೆದಿರುವ ಕರಿಯ ಬಸಾಲ್ಟು ಶಿಲೆಯೇ ಅದು, ಎರೆಮಣ್ಣಿನ ತಾಯಿ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಶಿಲಾರಸದ ಈ ಹಾಸು ದಖ್ಖಣದಲ್ಲಿ ಐದು ಲಕ್ಷ ಚದರ ಕಿಲೋಮೀಟರಿನಷ್ಟು 위ಸ್ತಾರವಾಗಿದೆ. ಬಸಾಲ್ಟಿನಲ್ಲಿ ಸುಣ್ಣ, ಮೆಗ್ನೀಸಿಯಂ, ಕಬ್ಬಿಣಗಳ ಅಂಶ ಹೆಚ್ಚು. ಆದುದರಿಂದ ಇಂಗಾಲಾಮ್ಲ ಅದರೊಡನೆ ಬೇಗ ಕೂಡಿ ಕಲ್ಲಾಗುತ್ತದೆ. ಐಸ್‌ಲೆಂಡಿನಲ್ಲಿ ೨೦೧೨ರಲ್ಲಿ ಇಂಗಾಲಾಮ್ಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದರು. ಎರಡು ವರ್ಷದೊಳಗೆ ನೂರಕ್ಕೆ ೯೫ ಪಾಲು ಕಲ್ಲಾಗಿದ್ದಿತೆಂದು ೨೦೧೬ರಲ್ಲಿ ಪ್ರಕಟಿಸಿದರು. ಸಾವಿರಾರು ವರ್ಷದ ಕೆಲಸ ಎರಡು ವರ್ಷಕ್ಕೆ ಇಳಿದುದು ವಿದ್ವಾಂಸರಿಗೂ ಆಶ್ಚರ್ಯವನ್ನುಂಟುಮಾಡಿತು.

ಆದರೆ ಅದನ್ನು ಇಲ್ಲಿಗೆ ಹಾಗೆಯೇ ತರಲಾಗದು. ಒಂದು ಟನ್ನು ವಾಯುವಿಗೆ ಅಲ್ಲಿ ಸುಮಾರು ೨೫ ಟನ್ನು ನೀರು ಬೇಕಾಯಿತು. ವಿಜಯಪುರದ ಬಯಲಿನಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ದಖ್ಖಣದ ಶಿಲೆ ಐಸ್‌ಲೆಂಡಿನದಕ್ಕಿಂತ ಬಹಳ ಹಳೆಯದಾಗಿ, ಅದರ ತೆರಪುಗಳಲ್ಲಿ ಎಷ್ಟೋ ಈಗಾಗಲೆ ಬೇರೆ ಖನಿಜಗಳಿಂದ ತುಂಬಿಹೋಗಿವೆ. ಹಾಸಿನ ದಪ್ಪ ಪಶ್ಚಿಮದ ಘಟ್ಟಗಳಲ್ಲಿ ಹೆಚ್ಚಾಗಿದ್ದು, ಕರ್ನಾಟಕದ ಅಂಚಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. ಇವೆಲ್ಲಕ್ಕೂ ಮೇಲೆ ೧೯೬೭ರ ಡಿಸೆಂಬರಿನ ಕೊಯ್ನಾ ಭೂಕಂಪವನ್ನು ಮರೆಯಬಾರದು. ಜಲಾಶಯದ ನೀರಿನ ಒತ್ತಡ ಆಳದ ಬಿರುಕುಗಳಿಗೆ ಮುಟ್ಟಿ, ಮೊದಲೇ ಬಿಗಿದು ನಿಂತಿದ್ದ ಶಿಲೆ ಜಾರಲು ನೆಪವಾಯಿತೆಂಬುದು ಬಹುಮಂದಿ ಭೂವಿಜ್ಞಾನಿಗಳ ಮತ. ಬಸಾಲ್ಟು ನಾಡಿನಲ್ಲಿ ಆಳಕ್ಕೆ ಒತ್ತಡವನ್ನು ಕಳುಹಿಸುವವರು ಇದನ್ನು ಮೊದಲು ಓದಬೇಕು.

೮

ಕೊನೆಯದಾಗಿ, ಮೊದಲು ಎತ್ತಿದ ಮಾತಿಗೆ ಮರಳೋಣ. ತುಮಕೂರಿಗೆ ಸಮೀಪದ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ವೆಂಕಟನಾರಣಪ್ಪನವರು ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದೆ ನಿಂತ ಮುಖ್ಯ ಪ್ರಶ್ನೆ ಪರಿಭಾಷೆಯದು. ಆ ಪ್ರಶ್ನೆ ಇಂದಿಗೂ ನಮ್ಮದು. ಇಂಗಾಲವೆಂಬುದು ಸಂಸ್ಕೃತದ ಅಂಗಾರ ಪ್ರಾಕೃತದ ದಾರಿಯಿಂದ ಬಂದ ರೂಪ. ಕೆಂಡವೆಂಬ ಅರ್ಥದ ಇಂಗಳವೂ ಅದರ ಬಳಗವೇ. ನೀರು ನೆಲಕ್ಕೆ ಇಂಗುವುದೆಂಬ ಧಾತುವಿಗೂ ಇದಕ್ಕೂ ಸಂಬಂಧವಿಲ್ಲ; ಧ್ವನಿಸಾಮ್ಯ ಮಾತ್ರ. ಇಂಗಾಲವನ್ನು ಇಂಗಿಸುವುದೆಂದರೆ ಕಿವಿಗೆ ಹಿತವಾಗಿರುತ್ತದೆ, ಆದರೆ ಅರ್ಥಕ್ಕೆ ಸಾಲದು. ಇಂಗುವುದು ತಾನಾಗಿ ಕೆಳಗಿಳಿಯುವುದು. ಈ ವಾಯುವನ್ನು ಬಲದಿಂದ ಇಳಿಸಬೇಕು, ಇಳಿದ ಮೇಲೆಯೂ ಅದು ಏರಲು ನೋಡುತ್ತದೆ. ಹೂಳುವುದೆಂದರೆ ಹೂತು ಮರೆಯುವುದೆಂಬ ಧ್ವನಿ ಬರುತ್ತದೆ. ಮರೆಯುವುದೇ ಇಲ್ಲಿ ಮಾಡಬಾರದ ಕೆಲಸ. ಆದುದರಿಂದ ನಿಕ್ಷೇಪವೆಂಬ ಮಾತೇ ಒಳ್ಳೆಯದೆಂದು ತೋರುತ್ತದೆ.

ನಿಕ್ಷೇಪಕ್ಕೆ ಎರಡು ಅರ್ಥ. ಶಾಸನಗಳಲ್ಲಿ ಅದು ನೆಲದಲ್ಲಿ ಇಟ್ಟ ಸಂಪತ್ತು. ಧರ್ಮಶಾಸ್ತ್ರಗಳಲ್ಲಿ ಅದು ಒಬ್ಬನು ಇನ್ನೊಬ್ಬನ ನಂಬಿಕೆಯಲ್ಲಿ ಇಟ್ಟ ಇಡುಗಂಟು; ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ಬಳಿಕ ಎರಡನೆಯದೇ ನಿಕ್ಷೇಪ. ಇಟ್ಟವನು ಯಾರು, ಕಾಯುವವನು ಯಾರು, ಕೆಟ್ಟರೆ ಹೊಣೆ ಯಾರದು ಎಂಬುವೇ ಅಲ್ಲಿಯ ವಿಚಾರ. ಇಂಗಾಲಾಮ್ಲದ ನಿಕ್ಷೇಪಕ್ಕೂ ಇವೇ ಪ್ರಶ್ನೆಗಳು. ವ್ಯತ್ಯಾಸವೇನೆಂದರೆ, ಇಡುಗಂಟನ್ನು ಕೇಳಿದಾಗ ಹಿಂದಿರುಗಿಸುವುದು ಧರ್ಮ. ಇದನ್ನು ಎಂದೆಂದಿಗೂ ಹಿಂದಿರುಗಿಸದಿರುವುದು ಧರ್ಮ. ಇಟ್ಟ ಕಂಪೆನಿ ನೂರು ವರ್ಷ ಇರುವುದೋ ಇಲ್ಲವೋ. ಕಾಯಬೇಕಾದ ಕಾಲವೋ ಸಾವಿರ ವರ್ಷ. ಯೂರೋಪಿನ ಒಕ್ಕೂಟ ೨೦೦೯ರಲ್ಲಿ ಮಾಡಿದ ಶಾಸನದಂತೆ, ಬಾವಿಯನ್ನು ಮುಚ್ಚಿ ಸಾಮಾನ್ಯವಾಗಿ ಕನಿಷ್ಠ ಇಪ್ಪತ್ತು ವರ್ಷ ಕಳೆದು, ವಾಯು ಭದ್ರವಾಗಿ ನಿಂತಿದೆ ಎಂದು ಕಂಡ ಮೇಲೆ, ಹೊಣೆ ಸರ್ಕಾರಕ್ಕೆ ಬರುತ್ತದೆ. ಎಂದರೆ ಮುಂದಿನ ಪ್ರಜೆಗಳಿಗೆ ಬರುತ್ತದೆ.

ನೆಲದ ಒಡೆತನದ ಪ್ರಶ್ನೆಯೂ ಇದರೊಡನೆಯೇ ಇದೆ. ೨೦೧೩ರಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ, ಕಾನೂನಿನ ಮೂಲಕ ತೆಗೆದುಕೊಂಡಿದ್ದ ಹೊರತು ನೆಲದ ಒಳಗಣ ಖನಿಜಸಂಪತ್ತು ಸಾಮಾನ್ಯವಾಗಿ ನೆಲದ ಒಡೆಯನಿಗೇ ಸಲ್ಲುವುದೆಂದು ತೀರ್ಪು ಕೊಟ್ಟಿತು. ಅಷ್ಟಭೋಗದ ಪಟ್ಟಿಯನ್ನು ಬರೆದವರು ಇದನ್ನು ಕೇಳಿದ್ದರೆ ಒಪ್ಪುತ್ತಿದ್ದರು. ಆದರೆ ಪಾಷಾಣದ ಒಳಗಿರುವ ತೆರಪು ಯಾರದು? ಕಲ್ಲನ್ನೂ ನೀರನ್ನೂ ಎಣಿಸಿದ ಹಿರಿಯರು ಕಲ್ಲಿನೊಳಗಿನ ಬರಿದನ್ನು ಎಣಿಸಲಿಲ್ಲ. ಅದಕ್ಕೆ ಬೆಲೆ ಬರುವ ದಿನವನ್ನು ಅವರು ಕಂಡಿರಲಿಲ್ಲ. ಕೃಷ್ಣಾ ಗೋದಾವರಿಯ ಮುಖಗಳಲ್ಲಿಯೋ ಖಂಭಾತದಲ್ಲಿಯೋ ನಾಳೆ ಈ ಪ್ರಶ್ನೆ ಬಂದೇ ಬರುತ್ತದೆ.

ತೆಂಗಿನ ಸೀಮೆಗೆ ಆ ಪ್ರಶ್ನೆ ಬಾರದು. ಅದರ ಕಲ್ಲಿನಲ್ಲಿ ಮಾರುವಷ್ಟು ತೆರಪಿಲ್ಲ. ಇರುವ ಬಿರುಕುಗಳೆಲ್ಲ ನೀರಿಗೆ ಮೀಸಲು. ಅದರ ಪಾಲಿನ ನಿಕ್ಷೇಪ ೨೫೦ ಕೋಟಿ ವರ್ಷಗಳ ಹಿಂದೆಯೇ ಸುಣ್ಣಕಲ್ಲಾಗಿ ಸಂದಾಯವಾಗಿದೆ. ಅದನ್ನು ಸುಡುವಾಗ ಏನನ್ನು ಬಿಡುಗಡೆ ಮಾಡುತ್ತಿದ್ದೇವೆ ಎಂಬುದನ್ನು ಅರಿತು, ಸಾಧ್ಯವಾದಷ್ಟು ಮಿತವಾಗಿ ಸುಡುವುದು ಆ ನಾಡಿನವರಿಗೂ ನಮಗೂ ಉಳಿದ ಕೆಲಸ.